ತಿಪ್ಪೆಗೆ ಬಿದ್ದ ಹೆಸರು

ಬೆಟಗೇರಿ
ಬಾಗಿಲು ತೆರೆದ ಮೇಲಿನ ನೂರಾ ನಲವತ್ತೊಂದನೆಯ ವರ್ಷ, ಹದಿನಾರನೆಯ ತಿಂಗಳು, ತಾರೀಖು ಐವತ್ತೆರಡು

ಸುಲೋಚನಾ ಆಯಿ ಅವರಿಗೆ,

ತಾರೀಖು ನೋಡಿ ಇದು ಯಾರೋ ಹುಚ್ಚಿ ಬರೆದದ್ದು ಎಂದು ಪಕ್ಕಕ್ಕೆ ಸರಿಸಬೇಡಿ. ನಮ್ಮಲ್ಲಿ ತಿಂಗಳು ಹದಿನಾರು. ಕೆಲವಕ್ಕೆ ಅರವತ್ತು ದಿನ, ಕೆಲವಕ್ಕೆ ಒಂಬತ್ತೇ ದಿನ. ಗದಗಿನ ಪಂಚಾಂಗ ಹುಬ್ಬಳ್ಳಿಯಲ್ಲಿ ನಡೆಯುವುದಿಲ್ಲ, ಹುಬ್ಬಳ್ಳಿಯದು ಬೇರೆಲ್ಲೂ ನಡೆಯುವುದಿಲ್ಲ. ಇದಕ್ಕೆ ಕಾರಣ ನಿಮ್ಮ ಕಾಲದವರು. ಕಂಡ ಕಂಡ ಬೀಗಕ್ಕೆಲ್ಲ ಹುಟ್ಟಿದ ತಾರೀಖನ್ನೇ ಕೀಲಿಯಾಗಿ ಇಟ್ಟುಕೊಂಡಿರಿ. ಆ ತಾರೀಖುಗಳೆಲ್ಲ ಬೀದಿಗೆ ಬಿದ್ದ ಮೇಲೆ ಬೇರೆ ದಾರಿ ಕಾಣದೆ ಪಂಚಾಂಗವನ್ನೇ ಕಲಸಿ ಹೊಸದಾಗಿ ಹಂಚಬೇಕಾಯಿತು. ನನಗೆ ಐವತ್ತಾರು ವರ್ಷ ಇರಬಹುದು ಎಂದು ಅವ್ವ ಹೇಳುತ್ತಿದ್ದಳು. ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಕಸದಲ್ಲಿ. ಹಾಗಾಗಿ ಒಂದು ಕಡೆ ಗ್ಯಾಸ್ ಬುಕ್ಕಿಂಗಿನ ಭಾಷೆಯೂ ಇನ್ನೊಂದು ಕಡೆ ಹಬ್ಬದ ಶುಭಾಶಯದ ಭಾಷೆಯೂ ಬೆರೆತಿರಬಹುದು. ನೀವು ನನ್ನ ಅವ್ವನ ಅಜ್ಜಿಯ ಅಜ್ಜಿ. ಅಷ್ಟು ದೂರದ ಸಂಬಂಧಕ್ಕೆ ಕರೆಯುವ ಮಾತು ಇಲ್ಲ, ಅದಕ್ಕೇ ನಮ್ಮ ಕಡೆ ಅಜ್ಜಿಗೆ ಅನ್ನುವಂತೆ ಆಯಿ ಎಂದಿದ್ದೇನೆ. ಆದರೆ ಈ ಪತ್ರ ಸಿಗುವ ಹೊತ್ತಿಗೆ ನಿಮಗೆ ಮೂವತ್ತೆಂಟರ ಆಸುಪಾಸು. ವಯಸ್ಸಿನಲ್ಲಿ ನಾನೇ ದೊಡ್ಡವಳು. ಕಾಲಿಗೆ ಬೀಳಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದೇನೆ ಎಂದುಕೊಳ್ಳಿ.

ತಿಪ್ಪೆ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ನಿಮ್ಮ ಕಾಲದಲ್ಲಿ ಒಮ್ಮೆ ಆ ಕಂಪನಿಯಿಂದ, ಒಮ್ಮೆ ಈ ಕಚೇರಿಯಿಂದ ಜನರ ಪಾಸ್‌ವರ್ಡುಗಳು ಸೋರುತ್ತಿದ್ದವು. ಸೋರಿದ್ದು ಅಲ್ಲಲ್ಲಿ ಚೆಲ್ಲಿಕೊಂಡಿರುತ್ತಿತ್ತು, ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ. ಹುಡುಕಿ ಆರಿಸಬೇಕಾದರೆ ಕಳ್ಳನಿಗೂ ಬೆವರು ಇಳಿಯುತ್ತಿತ್ತು. ಆಗ ಕೆಲವರು ಬುದ್ಧಿವಂತರು ಬಂದರು. ಚೆಲ್ಲಿದ್ದನ್ನೆಲ್ಲ ತಾವಾಗಿಯೇ ಗುಡಿಸಿ ಒಂದೆಡೆ ರಾಶಿ ಹಾಕುವ ಉಪಕರಣಗಳನ್ನು ಮಾಡಿ ಬಿಟ್ಟರು. ಜನರನ್ನು ಎಚ್ಚರಿಸಲಿಕ್ಕೆ ಎಂದರು. ಕೆಲವರು ನಿಜವಾಗಿಯೂ ಅದಕ್ಕೇ ಮಾಡಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಡಿಸಿದ ರಾಶಿಯ ಮೇಲೆ ಇದು ಒಳ್ಳೆಯವರ ರಾಶಿ ಎಂದು ಬರೆದಿರುವುದಿಲ್ಲವಲ್ಲ. ಒಬ್ಬನ ಇ-ಮೇಲು ಒಂದು ಕಡೆ, ಫೋನ್ ನಂಬರು ಇನ್ನೊಂದು ಕಡೆ, ಮಗಳ ಹೆಸರು ಮತ್ತೊಂದು ಕಡೆ ಬಿದ್ದಿರುವಷ್ಟು ಕಾಲ ಅವು ಬರೀ ಚೂರುಗಳು. ಕೂಡಿಸಿ ಜೋಡಿಸಿದರೆ ಆ ಮನುಷ್ಯನೇ ಎದ್ದು ನಿಲ್ಲುತ್ತಾನೆ, ಅವನ ಮನೆಯ ಬಾಗಿಲು ತೆರೆದುಕೊಂಡು. ಕೊನೆಗೆ ಆ ರಾಶಿಗಳೂ ಸೋರಿದವು, ಒಂದಕ್ಕೊಂದು ಸೇರಿದವು. ಅದೇ ತಿಪ್ಪೆ. ಅದು ಸೇರಿದ ವರ್ಷವನ್ನು ಬಾಗಿಲು ತೆರೆದ ವರ್ಷ ಎನ್ನುತ್ತೇವೆ, ಅಲ್ಲಿಂದ ಕಾಲ ಎಣಿಸುತ್ತೇವೆ.

ಆ ಉಪಕರಣಗಳು ಇನ್ನೂ ಸತ್ತಿಲ್ಲ. ಮಾಡಿದವರು ಮಣ್ಣಾಗಿ ಹೋದರು, ಅವು ಮಾತ್ರ ಕೆದರುತ್ತಲೇ ಇವೆ. ತಿಪ್ಪೆ ಕೆದರುವುದರಿಂದ ಅವನ್ನು ಕೋಳಿ ಎನ್ನುತ್ತೇವೆ. ನಿಜವಾದ ಕೋಳಿಗೆ ಬೇರೆ ಹೆಸರು ಬೇಕಾಗಿ ಬಂದು ಅದನ್ನು ಹುಂಜನ ಹೆಂಡತಿ ಎಂದು ಕರೆಯುತ್ತಿದ್ದೇವೆ. ನೀವು ನಗಬಹುದು, ನಮಗೆ ಅಭ್ಯಾಸವಾಗಿದೆ. ಈ ಪತ್ರವನ್ನು ನಿಮಗೆ ಮುಟ್ಟಿಸಬೇಕಾದದ್ದೂ ಅವೇ. ಪಂಚಾಂಗ ಕಲಸಿದಂದಿನಿಂದ ಕೋಳಿಗಳಿಗೆ ಇದು ಯಾವ ವರ್ಷ ಎಂಬ ಅಂದಾಜು ತಪ್ಪಿದೆ. ತಿಪ್ಪೆಗೆ ಎಸೆದದ್ದನ್ನು ಕಚ್ಚಿಕೊಂಡು ಹೋಗಿ ಯಾವುದೋ ವರ್ಷದಲ್ಲಿ ಉದುರಿಸುತ್ತವೆ. ನಿಮ್ಮ ಇ-ಮೇಲಿನ ಕಸದ ಡಬ್ಬಿಯಲ್ಲಿ, ಲಾಟರಿ ಹೊಡೆದಿದೆ ಎನ್ನುವ ಪತ್ರಕ್ಕೂ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತಿಗೂ ನಡುವೆ ಇದು ಬಿದ್ದಿದ್ದರೆ ನನ್ನ ಪುಣ್ಯ. ಗುರುತಿಲ್ಲದವರ ಪತ್ರ ತೆರೆಯಬೇಡಿ ಎಂದು ನಿಮಗೆ ಬುದ್ಧಿ ಹೇಳಬೇಕಾದವಳೇ ದಯವಿಟ್ಟು ತೆರೆಯಿರಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಪಾಸ್‌ವರ್ಡು ಎಂಬುದು ನಮ್ಮಲ್ಲಿ ಇಲ್ಲ. ಅದಾದ ಮೇಲೆ ಬೆರಳಚ್ಚು, ಮುಖ, ಕಣ್ಣು, ಇವೂ ಒಂದೊಂದಾಗಿ ತಿಪ್ಪೆಗೆ ಹೋದವು. ಉಳಿದದ್ದು ಕರೆ. ಒಬ್ಬ ಮನುಷ್ಯ ಇವನೇ ಎಂದು ಗೊತ್ತಾಗಬೇಕಾದರೆ ಅವನ ಮನೆಯವರು ಹೆಸರು ಹಿಡಿದು ಕರೆಯಬೇಕು, ಅವನು ಓಗೊಡಬೇಕು. ಎರಡನ್ನೂ ಬಾಗಿಲಲ್ಲಿರುವ ಕಿವಿ ಕೇಳಿಸಿಕೊಳ್ಳುತ್ತದೆ. ಕಿವಿ ಎಂದರೆ ಹುಣಸೆ ಬೀಜದಷ್ಟಿರುವ ಒಂದು ಯಂತ್ರ. ಮನೆ, ಅಂಗಡಿ, ಶಾಲೆ, ನೀರಿನ ನಳ, ಎಲ್ಲದಕ್ಕೂ ಕಿವಿ ಇದೆ. ಬೆಳಗಾದರೆ ನಮ್ಮ ಓಣಿಯಲ್ಲಿ ಕರೆಯುವ ಸದ್ದೇ ಸದ್ದು. ದವಾಖಾನೆಯ ಮುಂದೆ ಮಗ ಅಪ್ಪನ ಹೆಸರು ಕೂಗುತ್ತಾನೆ, ನಳದ ಮುಂದೆ ಸೊಸೆ ಮಾವನ ಹೆಸರು ಕೂಗುತ್ತಾಳೆ. ಹಿರಿಯರ ಹೆಸರು ಹಿಡಿಯಬಾರದು ಎಂಬ ರೀತಿ ಎಂದೋ ಹೋಯಿತು. ಮಾತು ಬಿಟ್ಟ ಗಂಡ ಹೆಂಡತಿಯೂ ನೀರು ಬರುವ ಹೊತ್ತಿಗೆ ಒಬ್ಬರನ್ನೊಬ್ಬರು ಕರೆಯಲೇಬೇಕು, ಅಷ್ಟರ ಮಟ್ಟಿಗೆ ಅನುಕೂಲವೇ ಆಗಿದೆ. ತಮ್ಮವರು ಎಂದು ಯಾರೂ ಇಲ್ಲದವರು ಓಣಿಯ ಕೊನೆಯ ಕಟ್ಟೆಯ ಮೇಲೆ ಕೂತು, ಯಾರಾದರೂ ತಮ್ಮನ್ನು ಕರೆದಾರೇ ಎಂದು ಕಾಯುತ್ತಿರುತ್ತಾರೆ. ನಾನು ಆ ಕಡೆ ನೋಡದೆ ನಡೆದುಹೋಗುತ್ತೇನೆ.

ಹೀಗಾಗಿ ನಮಗೆ ಹೆಸರೇ ಎಲ್ಲ. ಕೂಸಿನ ತೊಟ್ಟಿಲಿಗೂ ಒಂದು ಕಿವಿ ಇರುತ್ತದೆ. ಹೆಸರಿಡುವ ದಿನ ಆ ಕಿವಿ ಮೊದಲು ಕೇಳಿಸಿಕೊಂಡ ಹೆಸರು ಕೂಸಿಗೆ ಅಂಟಿಕೊಳ್ಳುತ್ತದೆ, ಮತ್ತೆ ಕೀಳಲು ಬರುವುದಿಲ್ಲ. ತಿಪ್ಪೆಯಲ್ಲಿರುವ ಹೆಸರನ್ನು ಮಾತ್ರ ಇಡುವಂತಿಲ್ಲ. ನಿಮ್ಮ ಕಾಲದವರ ದನಿಗಳೂ ಕೋಳಿಗಳಿಗೆ ಸಿಕ್ಕಿವೆ, ತಿಪ್ಪೆಯಲ್ಲಿರುವ ಯಾವ ಹೆಸರನ್ನಾದರೂ ಅವು ಯಾವ ತಾಯಿಯ ದನಿಯಲ್ಲಾದರೂ ಕರೆಯಬಲ್ಲವು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಹೆಸರಿನ ಕೀಲಿ ಹಾಕಿ ಕಳ್ಳರು ಮಾಡಿದ ಮೋಸ, ಬೆದರಿಕೆ, ಸುಲಿಗೆ, ಅವುಗಳ ಕೇಸುಗಳೆಲ್ಲ ಇನ್ನೂ ಆ ಹೆಸರಿಗೇ ಜೋತುಬಿದ್ದಿವೆ. ಆ ಹೆಸರು ಹೊತ್ತ ಕೂಸು ತೊಟ್ಟಿಲಲ್ಲೇ ಆರೋಪಿ. ಅಂಥದ್ದನ್ನು ಸುಟ್ಟ ಹೆಸರು ಎನ್ನುತ್ತೇವೆ.

ನಾನು ಗದಗಿನ ಹೆಸರು ಕಚೇರಿಯಲ್ಲಿ ಜರಡಿಯವಳು. ತಾಯಂದಿರು ತರುವ ಹೆಸರನ್ನು ತಿಪ್ಪೆಯ ಮೇಲೆ ಜರಡಿ ಹಿಡಿದು, ಅಲ್ಲಿ ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಬಸವ, ಲಕ್ಷ್ಮಿ, ಚಿನ್ನು, ಪುಟ್ಟಿ, ಬಂಗಾರಿ, ಒಂದೂ ದಾಟುವುದಿಲ್ಲ. ನೀವು ಯಾವುದನ್ನು ಪ್ರೀತಿಸಿದಿರೋ ಅದನ್ನೆಲ್ಲ ಬೀಗಕ್ಕೆ ಹಾಕಿದಿರಿ. ಜರಡಿ ದಾಟುವುದು ಯಾರೂ ಎಂದೂ ಅಕ್ಕರೆಯಿಂದ ಕರೆದಿರದ ಶಬ್ದ ಮಾತ್ರ. ನನ್ನ ಹೆಸರು ಘೊಟ್ರಿಮು. ನನ್ನ ತಮ್ಮ ಝಡೋಲ. ನಮ್ಮ ಅವ್ವ ಖೀರ್ಪುಡ, ಅಪ್ಪ ಅವಳನ್ನು ಕರೆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡು ಕೆಮ್ಮಿದ ಹಾಗಿರುತ್ತಿತ್ತು. ಎಷ್ಟೋ ತಾಯಂದಿರು ನನ್ನ ಮೇಜಿನ ಮುಂದೆ ಕಣ್ಣೀರು ಹಾಕಿದ್ದಾರೆ, ಒಬ್ಬಳು ಕೈಲಿದ್ದ ಬುತ್ತಿಯನ್ನೇ ನನ್ನ ಮುಖಕ್ಕೆ ಎಸೆದಳು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಆ ಬುತ್ತಿ ನಿಮಗೆ ಸೇರಬೇಕಾದದ್ದು.

ಈಗ ನಮ್ಮ ಮನೆಯ ಮಾತು. ನಿಮ್ಮ ತಾಯಿಯ ಹೆಸರು ನೀಲಗಂಗಾ. ಬರೆದರೆ ಅಪಾಯವಿಲ್ಲ, ತಿಪ್ಪೆಗೆ ಅದು ಇನ್ನೊಂದು ಬುಟ್ಟಿ ಕಸ ಅಷ್ಟೇ. ದನಿ ತೆಗೆದು ಕರೆಯುವಂತಿಲ್ಲ. ಆದರೂ ಆ ಹೆಸರು ನಮ್ಮ ಮನೆಯ ಹೆಂಗಸರ ಬಾಯಿಂದ ಬಾಯಿಗೆ ಇಲ್ಲಿಯವರೆಗೆ ನಡೆದುಬಂದಿದೆ. ಹೇಗೆ ಗೊತ್ತೇ? ರೊಟ್ಟಿ ಬಡಿಯುವಾಗ. ಕಲ್ಲಿನ ಮೇಲೆ ಜೋಳದ ರೊಟ್ಟಿ ಬಡಿಯುವ ಸದ್ದಿನಲ್ಲಿ ಕಿವಿಗೆ ಬೇರೇನೂ ಕೇಳಿಸುವುದಿಲ್ಲ. ಅಜ್ಜಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತಟತಟ ಬಡಿಯುತ್ತ, ಆ ಸದ್ದಿನ ಒಳಗೆ ಒಂದು ಸಲ ಹೆಸರು ಹೇಳುವುದು. ನನ್ನ ಅವ್ವನಿಗೆ ಅವಳ ಅಜ್ಜಿ ಹೇಳಿದ್ದಳು, ಅವ್ವ ನನಗೆ ಹೇಳಿದಳು. ನೀಲಗಂಗಾ ಎಂದರೆ ಎಷ್ಟು ತಂಪು ಅನ್ನಿಸಿತ್ತು! ಇಂಥ ಹೆಸರು ಇರುವಾಗ ನನಗೆ ಘೊಟ್ರಿಮು ಯಾಕೆ ಎಂದು ಕೇಳಿ ಪೆಟ್ಟು ತಿಂದಿದ್ದೆ.

ಅದು ಯಾಕೆ ಸುಟ್ಟಿತು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜರಡಿಯ ಕೆಲಸಕ್ಕೆ ಸೇರಿದ ಮೇಲೆ ನಾನು ಹುಡುಕಿದೆ. ಗದಗ ಜಿಲ್ಲೆಯ ತಿಪ್ಪೆಯಲ್ಲಿ ಎಲ್ಲಕ್ಕಿಂತ ಮೇಲೆ ಇರುವ ಹೆಸರು ಅದೇ. ದೇವರ ಹೆಸರುಗಳಿಗಿಂತ ಮೇಲೆ. ಅದರ ಬುಡ ಹುಡುಕುತ್ತ ಹೋದಾಗ ಸಿಕ್ಕಿದ್ದು ಬೆಟಗೇರಿಯ ಬಸ್ ನಿಲ್ದಾಣದ ಹಿಂದಿನ ಒಂದು ಆನ್‌ಲೈನ್ ಸೇವೆಯ ಅಂಗಡಿ, ಅದರ ಒಂದೇ ಒಂದು ಕಂಪ್ಯೂಟರು, ಮತ್ತು ನೀವು. ನಿಮ್ಮ ತಂಗಿ ವಿಮಲಾಗೆ ನೀವು ಫೋನಿನಲ್ಲಿ ಕಳಿಸಿದ ಮಾತುಗಳೂ ಅಲ್ಲಿದ್ದವು. ನಿಮ್ಮ ದನಿಯನ್ನು ನಾನು ಕೇಳಿದ್ದೇನೆ, ಆಯಿ. ನನ್ನ ಅವ್ವನ ದನಿಯೇ. ಮಾತಿನ ನಡುವೆ ನಗುವ ರೀತಿಯೂ ಅದೇ.

ಊರಿನ ಅರ್ಧ ಜನ ಪಿಂಚಣಿಗೆ, ಪಹಣಿಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ನಿಮ್ಮ ಅಂಗಡಿಗೇ ಬರುತ್ತಿದ್ದರು. ಪಾಸ್‌ವರ್ಡು ಏನು ಇಡಲಿ ಎಂದು ನೀವು ಕೇಳಿದರೆ ಅವರು ಹೇಳುತ್ತಿದ್ದದ್ದನ್ನು ನೀವೇ ತಂಗಿಗೆ ಅಣಕಿಸಿ ತೋರಿಸಿದ್ದೀರಿ: “ನೀವ ಏನರ ಹಾಕ್ರಿ ಅಕ್ಕಾರ, ನಂಗೇನ್ ನೆನಪಿರತೈತಿ?” ಅದಕ್ಕೆ ನೀವು ಕಂಡುಕೊಂಡ ಉಪಾಯವನ್ನೂ ಹೇಳಿದ್ದೀರಿ. “ಎಲ್ಲಾರಿಗೂ ನಮ್ಮವ್ವನ ಹೆಸರ ಹಾಕಿಬಿಡ್ತೀನಿ ವಿಮ್ಮಿ. ಮುಂದ ಅವರವರ ಫೋನಿನ ನಂಬರ್. ಅವ್ವ ಹೋಗಿ ಎರಡ ವರ್ಷ ಆತು. ಹಿಂಗರ ದಿನಾ ಹತ್ತ ಸಲ ಅಕಿ ಹೆಸರು ಬರದಂಗ ಆಗತೈತಿ.” ಇದನ್ನು ಕೇಳಿದ ದಿನ ನಾನು ಕಚೇರಿಯಿಂದ ಬೇಗ ಎದ್ದು ಮನೆಗೆ ಬಂದೆ. ಇಷ್ಟು ಪ್ರೀತಿಯಿಂದ ಇಷ್ಟು ದಡ್ಡ ಕೆಲಸವನ್ನು ಮಾಡಿದವರನ್ನು ಹೇಗೆ ಬೈಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಉಳಿಸಿಡಲೇ ಎಂದು ಕಂಪ್ಯೂಟರು ಕೇಳಿದಾಗಲೆಲ್ಲ ನೀವು ಹೂಂ ಎಂದು ಒತ್ತಿದಿರಿ. ಊರಿನ ಕೀಲಿಗಳೆಲ್ಲ ಆ ಒಂದು ಪೆಟ್ಟಿಗೆಯೊಳಗೆ ಸೇರಿಕೊಂಡವು.

ಇನ್ನು ಮುಂದಿನದನ್ನು ನೀವು ಇನ್ನೂ ಮಾಡಿಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಆದರೆ ನನ್ನ ಪಾಲಿಗೆ ಅದು ಎಂದೋ ಆಗಿಹೋದದ್ದು, ಹಾಗಾಗಿ ಮಾಡಿದಿರಿ ಎಂದೇ ಬರೆಯುತ್ತೇನೆ. ಎಲ್ಲಿಯೋ ಪಾಸ್‌ವರ್ಡುಗಳು ಸೋರಿದ ಸುದ್ದಿ ಕೇಳಿ ನಿಮಗೆ ಗಿರಾಕಿಗಳ ಚಿಂತೆ ಹತ್ತಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದಿರಿ. ಸೋರಿದ್ದನ್ನೆಲ್ಲ ಆರಿಸಿ ತೋರಿಸುವ ಒಂದು ಉಪಕರಣ ಪುಕ್ಕಟೆ ಸಿಕ್ಕಿತು. ಅದನ್ನು ಇಳಿಸಿಕೊಳ್ಳುವಾಗ ಕಂಪ್ಯೂಟರಿನ ಕಾವಲು ತಂತ್ರಾಂಶ ಬೇಡ ಬೇಡ ಎಂದು ಕೆಂಪು ತೋರಿಸಿತು. ಆ ಕಾವಲನ್ನು ನಿಲ್ಲಿಸಿ ಮುಂದುವರಿಯಿರಿ, ಅದು ಸುಮ್ಮನೆ ಹೆದರಿಸುತ್ತದೆ ಎಂದು ಉಪಕರಣದವರೇ ಬರೆದಿದ್ದರು. ಮನೆಗೆ ಬಂದ ಅಪರಿಚಿತನೊಬ್ಬ ನಿಮ್ಮ ನಾಯಿಯನ್ನು ಕಟ್ಟಿಹಾಕಿ ಎಂದರೆ ಯಾವ ಹೆಂಗಸಾದರೂ ಕಟ್ಟುತ್ತಾಳೆಯೇ? ನೀವು ಕಟ್ಟಿದಿರಿ. ತಂಗಿಗೂ ಹೇಳಿದಿರಿ: “ಏನೂ ಆಗಂಗಿಲ್ಲ ಬಿಡ. ಯಾರ‍್ಯಾರದು ಹೊರಗ ಬಿದ್ದೈತಿ ಅಂತ ಅದ ಹುಡುಕಿ ತೋರಸ್ತೈತಿ. ನಮ್ಮ ಮಂದೀದೂ ಒಮ್ಮೆ ನೋಡಿಬಿಡ್ತೀನಿ. ಪಾಪ, ಅವರಿಗೇನ್ ತಿಳೀತೈತಿ.”

ಉಪಕರಣ ತಾನು ಹೇಳಿದ್ದನ್ನು ಮಾಡಿತು. ಅದೇ ಅದರ ಮೋಸ. ನಿಮ್ಮ ಪರಿಚಯದವರ ಹೆಸರು ಹಾಕಿದರೆ ಅವರ ಸೋರಿದ ಪಾಸ್‌ವರ್ಡುಗಳನ್ನು ಮುಂದೆ ಇಟ್ಟಿತು. ನೀವು ಎಚ್ಚರಿಸಲಿಕ್ಕೆಂದು ಕೂತವರು, ಸ್ವಲ್ಪ ಹೊತ್ತಿಗೆ ಬೇರೆಯವರ ಕಿಟಕಿ ಇಣುಕುತ್ತ ಕೂತಿರಿ. “ವಿಮ್ಮಿ, ನಮ್ಮ ಭಾವನ ಪಾಸ್‌ವರ್ಡ್ ಏನೈತಿ ಗೊತ್ತೇನ? ಒಬ್ಬಾಕಿ ಹೆಸರೈತಿ. ಅಕ್ಕಂದಂತೂ ಅಲ್ಲಾ!” ಎಂದು ಹೇಳಿ ನೀವು ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಸುಳ್ಳು ಯಾಕೆ, ನನಗೂ ನಗು ಬಂತು. ನೀವು ಹಾಗೆ ನಗುತ್ತಿದ್ದಾಗಲೇ ಅದು ನಿಮ್ಮ ಪೆಟ್ಟಿಗೆಯೊಳಗೆ ಕೈ ಹಾಕಿ, ಉಳಿಸಿಟ್ಟ ಕೀಲಿಗಳನ್ನೆಲ್ಲ ಬಾಚಿಕೊಂಡು, ನಿಮ್ಮ ಅಕ್ಕತಂಗಿಯರ ಮಾತುಗಳನ್ನೂ ಬಿಡದೆ, ಹೊರಗೆ ಸಾಗಿಸಿತು. ಸೋರಿದ್ದನ್ನು ಆರಿಸುವ ಉಪಕರಣಕ್ಕೆ ಇನ್ನಷ್ಟು ಸೋರಿದರೇ ಲಾಭವಲ್ಲವೇ? ಊರಿನ ಪಿಂಚಣಿಗಳು ನಿಂತವು, ಹೊಲಗಳು ಬೇರೆಯವರ ಹೆಸರಿಗೆ ಹೋದವು, ಯಾರದೋ ಮಗಳ ಫೋಟೋಗಳು ಎಲ್ಲೆಲ್ಲೋ ಕಾಣಿಸಿದವು. ಪೊಲೀಸರು ಹುಡುಕಿದಾಗ ಪ್ರತಿ ಬಾಗಿಲಲ್ಲೂ ಸಿಕ್ಕ ಕೀಲಿ ಒಂದೇ, ನೀಲಗಂಗಾ. ಕೇಸುಗಳು ಆ ಹೆಸರಿಗೆ ಬಿದ್ದವು. ಉಪಕರಣ ಮಾಡಿದವನು ಯಾರೋ, ಎಲ್ಲಿದ್ದನೋ. ಇಡೀ ತಿಪ್ಪೆಯನ್ನು ಜರಡಿ ಆಡಿಸಿದ್ದೇನೆ, ಅವನ ಹೆಸರು ಮಾತ್ರ ಅದರಲ್ಲಿ ಇಲ್ಲ.

ಇದನ್ನೆಲ್ಲ ನಾನು ಅವ್ವನಿಗೆ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ತಮ್ಮನಿಗೆ, ಇನ್ನು ಮಕ್ಕಳಾಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ, ಒಂದು ಹೆಣ್ಣು ಕೂಸು ಹುಟ್ಟಿತು. ಅವ್ವನಿಗೆ ಆಗ ಎಂಬತ್ತರ ಹತ್ತಿರ. ಕೂಸನ್ನು ಎತ್ತಿಕೊಂಡವಳೇ ಅಡಿಗೆಮನೆಗೆ ಬಂದಳು. ತಮ್ಮನ ಹೆಂಡತಿಗೆ ರೊಟ್ಟಿ ಬಡಿ ಎಂದಳು. ಆ ಸದ್ದಿನಲ್ಲಿ ನನಗೆ ಹೇಳಿದಳು: “ಇಕಿಗೆ ಅದ ಹೆಸರ ಇಡ. ನೋಡಬೇ, ಹಣಿ ನೋಡ, ಅಕಿನ ಬಂದಾಳ. ನಾ ಸಾಯೂದ್ರಾಗ ಒಮ್ಮೆ ಕರದ ಸಾಯ್ತೀನಿ, ಅಷ್ಟ.” ನಾನು ಬೇಡ ಎಂದೆ. ಬೇರೆಯವರ ಮಕ್ಕಳಿಗೆ ಆಗದು ಎಂದು ದಿನಾ ಹೇಳುವವಳು ನಾನು. ಸುಟ್ಟ ಹೆಸರು ತಗುಲಿದರೆ ಏನಾಗುತ್ತದೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಅವ್ವ ಕೇಳಿಸಿಕೊಂಡಳು, ತಲೆ ಆಡಿಸಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಕಚೇರಿಯ ಜರಡಿ ದಾಟಿ ಬಂದ ಹೆಸರು ಫೂಣೆಟ. ಅದಕ್ಕೆ ಅವಳು ಒಪ್ಪಿದಳು ಎಂದೇ ನಾನು ತಿಳಿದೆ.

ಹೆಸರಿಡುವ ರೀತಿ ನಿಮ್ಮ ಕಾಲದಲ್ಲಿ ಇದ್ದದ್ದೇ ಈಗಲೂ ಇದೆ. ಸೋದರತ್ತೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಕುರ್‌ರ್ ಎಂದು ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಅಂದು ನಾನೇ ಅತ್ತೆ. ಓಣಿಯ ಹೆಂಗಸರೆಲ್ಲ ಬಂದಿದ್ದರು, ಗುಗ್ಗರಿ ಹಂಚಿದ್ದಾಗಿತ್ತು. ನಾನು ಬಾಗಿದೆ. ಹೆಸರು ಬಾಯಿಗೆ ಬರುವ ಮೊದಲೇ ನಗುತ್ತ ಗುದ್ದಲು ಶುರು ಮಾಡಿದರು, ಒಬ್ಬಳಂತೂ ಹಳೆಯ ಸಿಟ್ಟು ತೀರಿಸಿಕೊಂಡಳು. ಆಗ ಅವ್ವ ನನ್ನ ಪಕ್ಕ ನುಸುಳಿ ತೊಟ್ಟಿಲಿಗೆ ಬಗ್ಗಿದಳು. ಅವಳ ಲೆಕ್ಕ ನನಗೆ ಆಮೇಲೆ ಅರ್ಥವಾಯಿತು. ರೊಟ್ಟಿ ಬಡಿಯುವ ಸದ್ದಿನಲ್ಲಿ ಹೆಸರು ಅಡಗುವಂತೆ ಈ ಗುದ್ದಿನ ಸದ್ದಿನಲ್ಲೂ ಅಡಗುತ್ತದೆ, ಕಿವಿಗೆ ಕೇಳಿಸದ ಹಾಗೆ ಕೂಸಿಗೆ ಮಾತ್ರ ಕೇಳಿಸುತ್ತದೆ ಎಂದುಕೊಂಡಿದ್ದಳು. ಆದರೆ ನಮ್ಮ ಹೆಂಗಸರು ಮರ್ಯಾದೆಯುಳ್ಳವರು. ಮನೆಯ ಹಿರಿಯಳು ಬಾಗಿದಳು, ಅವಳ ಬೆನ್ನಿಗೆ ಗುದ್ದಬಾರದು ಎಂದು ಎಲ್ಲರೂ ಒಟ್ಟಿಗೆ ಕೈ ತಡೆದರು. ಆ ನಿಶ್ಶಬ್ದದಲ್ಲಿ ಅವ್ವ, ಗದ್ದಲವಿದೆ ಎಂದುಕೊಂಡು ಗಟ್ಟಿಯಾಗಿಯೇ ಕರೆದಳು.

“ನೀಲಗಂಗಾ!”

ಕೂಸು ಕಣ್ಣು ತೆರೆದು ಅವಳನ್ನೇ ನೋಡಿ ಹೂಂ ಎಂದಿತು. ಅಷ್ಟೇ ಸಾಕಾಯಿತು. ಬೀದಿಯ ಬಾಗಿಲು, ಹಿತ್ತಿಲ ಬಾಗಿಲು ಎರಡೂ ತಾವಾಗಿಯೇ ಹಾಕಿಕೊಂಡವು. ತಮ್ಮನ ಹೆಂಡತಿ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಳು.

ಈಗ ಅವಳು ಬಾಕಿ ಮಗು. ಹಳೆಯ ಕೇಸುಗಳೆಲ್ಲ ಇತ್ಯರ್ಥವಾಗಿ ಹೆಸರು ಶುದ್ಧವಾಗುವವರೆಗೆ ಅಂಥ ಮಕ್ಕಳನ್ನು ಹಾಗೆ ಕರೆಯುತ್ತಾರೆ. ಅವಳ ಹೆಸರಿನ ಕೇಸುಗಳು ಮುಗಿಯಬೇಕಾದರೆ ಇನ್ನೂ ಮೂರು ತಲೆಮಾರು ಬೇಕು ಎಂದು ಕಚೇರಿಯವರು ಹೇಳಿದರು. ಜರಡಿಯವಳ ಮನೆಯವಳು ಎಂದು ಸ್ವಲ್ಪ ಮೆಲ್ಲಗೆ ಹೇಳಿದರು. ಅಲ್ಲಿಯವರೆಗೆ ಅವಳನ್ನು ಯಾವ ಹೆಸರಿನಿಂದಲೂ ಕರೆಯುವಂತಿಲ್ಲ, ಕರೆದ ಹೆಸರೂ ಸುಡುತ್ತದೆ. ಚಿನ್ನ, ಬಂಗಾರ ಎನ್ನುವಂತೆಯೂ ಇಲ್ಲ. ನಾವು ಚಪ್ಪಾಳೆ ತಟ್ಟಿ ಕರೆಯುತ್ತೇವೆ. ಅವಳಪ್ಪ ಎರಡು ಸಲ ತಟ್ಟುತ್ತಾನೆ, ಅವಳವ್ವ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾಳೆ. ಯಾವ ಬಾಗಿಲೂ ಅವಳಿಗೆ ತೆರೆಯುವುದಿಲ್ಲ, ನಾವು ಕಾಲು ಅಡ್ಡ ಇಟ್ಟು ಹಿಡಿದರೆ ಅವಳು ನುಸುಳಿ ಬರುತ್ತಾಳೆ. ಜ್ವರ ಬಂದರೆ ದವಾಖಾನೆಯ ಹೊರಗೇ ಕೂತು ಡಾಕ್ಟರು ಬರುವುದನ್ನು ಕಾಯಬೇಕು. ಒಮ್ಮೆ ಯಾರದೋ ದನಿಯಲ್ಲಿ ಕೋಳಿಯೊಂದು ಅವಳನ್ನು ಬೀದಿಯಿಂದ ಕರೆಯಿತು, ಹುಡುಗಿ ನಗುತ್ತ ಎದ್ದು ಹೊರಟೇಬಿಟ್ಟಿದ್ದಳು. ಆ ದನಿ ನಿಮ್ಮದು, ಆಯಿ. ಅದು ನಿಮ್ಮದೆಂದು ನನಗೆ ಮಾತ್ರ ಗೊತ್ತು, ಮನೆಯಲ್ಲಿ ಹೇಳಿಲ್ಲ.

ಅವ್ವ ಆ ದಿನದಿಂದ ಬಾಯಿಗೆ ಸೆರಗು ಒತ್ತಿಕೊಂಡು ಕೂತವಳು ಮತ್ತೆ ಯಾರನ್ನೂ ಕರೆಯಲಿಲ್ಲ, ಊಟಕ್ಕೆ ನೀಡು ಎಂದೂ ಅನ್ನಲಿಲ್ಲ. ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ನಿಮ್ಮ ಮೇಲಿನ ಸಿಟ್ಟು ಅಂದಿನಿಂದ ಹೆಚ್ಚಾಗಿದೆ. ಅವಳು ಪ್ರೀತಿಯಿಂದ ಒಂದೇ ಸಲ ಕರೆದದ್ದು, ನೀವು ಪ್ರೀತಿಯಿಂದಲೇ ಊರಿನ ಬೀಗಗಳಿಗೆಲ್ಲ ಹಾಕಿದ್ದು, ಎರಡೂ ಆ ಕೂಸಿನ ಕುತ್ತಿಗೆಗೆ ಬಿದ್ದವು. ನಮ್ಮ ಮನೆಯ ಹೆಂಗಸರ ಒಳ್ಳೆಯತನ ಕಂಡರೆ ನನಗೆ ಈಗ ಹೆದರಿಕೆಯಾಗುತ್ತದೆ.

ನಿನ್ನೆ ಓಣಿಯ ಮಕ್ಕಳು ಕರೆಯಾಟ ಆಡುತ್ತಿದ್ದರು. ಒಬ್ಬರು ಒಳಗೆ ನಿಂತು ಹೆಸರು ಕೂಗುವುದು, ಕೂಗಿಸಿಕೊಂಡವರು ಓ ಎಂದರೆ ಬಾಗಿಲು ತೆರೆಯುತ್ತದೆ, ಓಡಿ ಒಳಗೆ ಸೇರುವುದು. ಎಲ್ಲ ಮಕ್ಕಳೂ ಒಳಗೆ ಹೋದವು. ಇವಳು ಹೊರಗೆ ನಿಂತಿದ್ದಳು, ಓ ಅನ್ನಲು ಬಾಯಿ ತೆರೆದುಕೊಂಡು. ಕತ್ತಲಾಗುವ ಮುಂಚೆ ಬಂದು ನನ್ನ ಸೀರೆ ಜಗ್ಗಿದಳು. “ಅತ್ತಿ, ನನ್ನ ಹೆಸರ ಎಲ್ಲೈತಿ?” ಎಂದು ಕೇಳಿದಳು. ಏನು ಎಂದು ಕೇಳಲಿಲ್ಲ ನೋಡಿ, ಎಲ್ಲಿದೆ ಎಂದಳು. ಯಾರೋ ಎತ್ತಿಟ್ಟಿದ್ದಾರೆ, ಕೇಳಿದರೆ ಕೊಡುತ್ತಾರೆ ಎಂದುಕೊಂಡಿದ್ದಾಳೆ. ನನಗೆ ಅಳು ಬಂತು, ಅವಳೆದುರಿಗೇ ಅತ್ತುಬಿಟ್ಟೆ.

ಅದಕ್ಕೇ ಈ ಪತ್ರ. ಆ ಉಪಕರಣ ಇಳಿಸಿಕೊಂಡಿದ್ದರೆ ಕಂಪ್ಯೂಟರಿನ ತಂತಿ ಕೀಳಿರಿ, ಬಲ್ಲವರನ್ನು ಕರೆದು ತೊಳೆಸಿರಿ. ಇಳಿಸಿಕೊಂಡಿಲ್ಲವಾದರೆ ಕೈ ಹಿಂದಕ್ಕೆ ತೆಗೆಯಿರಿ, ನಿಮ್ಮ ಭಾವನ ಗುಟ್ಟು ನಿಮಗೆ ಬೇಡ. ಅಂಗಡಿಗೆ ಒಂದು ವಾರ ರಜೆ ಹಾಕಿ. ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅವರು ನೆನಪಿರುವುದಿಲ್ಲ ಎಂದು ಗೊಣಗಿದರೂ ಬಿಡದೆ, ಅವರವರ ಕೀಲಿಯನ್ನು ಅವರಿಂದಲೇ ಬದಲು ಮಾಡಿಸಿರಿ. ಬೇರೆ ಏನಾದರೂ ಹಾಕಲಿ, ಅರ್ಥವಿಲ್ಲದ್ದು ಹಾಕಲಿ. ಬೇಕಾದರೆ ನನ್ನ ಹೆಸರು ಹಾಕಿರಿ, ಘೊಟ್ರಿಮು ಎಂದು. ಸುಟ್ಟುಹೋದರೂ ನನಗೆ ಚಿಂತೆಯಿಲ್ಲ, ಯಾರೂ ಅಳುವುದಿಲ್ಲ.

ನೀಲಗಂಗಾ ಒಂದನ್ನು ಬಿಟ್ಟುಕೊಡಿ. ಅದು ನಿಮ್ಮ ಅವ್ವನದು, ಅವಳು ಹೋದ ಮೇಲೆ ನಿಮ್ಮದು ಎಂದುಕೊಂಡಿದ್ದೀರಿ. ಅದರ ಒಡತಿ ಇನ್ನೂ ಹುಟ್ಟಿಲ್ಲ, ಆಯಿ. ಇಲ್ಲಿ ಬಾಗಿಲ ಹೊರಗೆ ನಿಂತಿದ್ದಾಳೆ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು,
ಘೊಟ್ರಿಮು